ಹಗ್ಗದ ಆಚೆ ತುದಿ

ನದಿಯ ದಡದಲ್ಲೊಂದು ಆಶ್ರಮ. ಅಲ್ಲಿ ಎಲ್ಲರಿಗೂ ಒಂದೇ ಕಾಯಕ, ಹಗ್ಗ ಹೊಸೆಯುವುದು. ದೋಣಿಗೆ, ಬಾವಿಗೆ, ದನ ಕಟ್ಟುವುದಕ್ಕೆ, ಸುತ್ತಲ ಊರುಗಳಿಗೆಲ್ಲ ಅಲ್ಲಿಂದಲೇ ಹಗ್ಗ ಹೋಗುತ್ತಿತ್ತು.

ಉದ್ದನೆಯ ಚಪ್ಪರದ ಕೆಳಗೆ ಜೋಡಿ ಜೋಡಿಯಾಗಿ ಕೆಲಸ. ಒಬ್ಬ ತುದಿಯನ್ನು ಬಿಗಿಯಾಗಿ ಹಿಡಿದು ಕೂರಬೇಕು. ಇನ್ನೊಬ್ಬ ನಾರು ಸೇರಿಸಿ ಹುರಿ ಹಾಕುತ್ತ ಹಿಂದೆ ಹಿಂದೆ ಸರಿಯಬೇಕು. ದಣಿವಾದಾಗ ಹಗ್ಗವನ್ನು ಮೆಲ್ಲಗೆ ಜಗ್ಗಿದರೆ ಸಾಕು, ಆಚೆ ತುದಿಯವನು ತಿರುಗಿ ಜಗ್ಗುತ್ತಾನೆ. ಆಗಲಿ, ಸ್ವಲ್ಪ ಸುಧಾರಿಸಿಕೋ ಎಂದು ಅದರರ್ಥ.

ಶಿಷ್ಯ ಮರುಳಪ್ಪನಿಗೆ ತುದಿ ಹಿಡಿಯುತ್ತಿದ್ದವರು ಸ್ವತಃ ಗುರು ಕರಿಬಸವಯ್ಯನವರು.

ಒಂದು ಬೆಳಿಗ್ಗೆ ಮರುಳಪ್ಪ ಅವರ ಮುಂದೆ ಕೈಮುಗಿದು ನಿಂತ.

“ಬುದ್ಧಿ, ಹೊಳೆಯಾಚೆ ಒಂದು ಗುಡಿಸಲು ಖಾಲಿ ಇದೆ. ನಾನು ಅಲ್ಲೇ ಇದ್ದು ಹಗ್ಗ ಹೊಸೀತೀನಿ.”

“ಇಲ್ಲೇನಾಯ್ತು?”

“ಇಲ್ಲಿ ಕೆಲಸ ಸಾಗಲ್ಲ ಬುದ್ಧಿ. ಒಬ್ಬ ಕೆಮ್ಮಿದ್ರೆ ಎಲ್ಲರ ಕೈ ನಿಲ್ಲುತ್ತೆ. ಒಬ್ಬ ನಕ್ಕರೆ ಇನ್ನೊಬ್ಬ ಯಾಕೆ ಅಂತ ಕೇಳ್ತಾನೆ. ಮಾತು ಜಾಸ್ತಿ.”

“ಎಲ್ಲರಿಗಿಂತ ಜಾಸ್ತಿ ಮಾತಾಡೋದು ಯಾರಪ್ಪಾ?”

ಮರುಳಪ್ಪ ನೆಲ ನೋಡಿದ. ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದವರು ಗುರುಗಳೇ. ತುದಿ ಹಿಡಿದು ಕೂತರೆಂದರೆ ಅವರಿಗೆ ಬಾಲ್ಯದ ತುಂಟತನದಿಂದ ಹಿಡಿದು ಬೆಳಗಿನ ರೊಟ್ಟಿಯ ರುಚಿಯವರೆಗೆ ಎಲ್ಲವೂ ನೆನಪಾಗುತ್ತಿತ್ತು.

ಗುರುಗಳು ನಕ್ಕರು. “ಅಲ್ಲಿ ತುದಿ ಹಿಡಿಯೋರು ಯಾರು ಮತ್ತೆ?”

“ಕಂಬಕ್ಕೆ ಕಟ್ಟಿಕೊಳ್ತೀನಿ. ಕಂಬ ಕೆಮ್ಮಲ್ಲ, ಮಾತಾಡಲ್ಲ.”

“ಅದೂ ಸರಿ. ಹೋಗಿ ಬಾ. ಅಮಾವಾಸ್ಯೆಗೊಂದು ಸಲ ಹಗ್ಗ ತಂದು ತೋರಿಸು.”

ಮೊದಲ ಅಮಾವಾಸ್ಯೆಗೆ ಮರುಳಪ್ಪ ದೋಣಿಯಿಂದ ಇಳಿದು ತನ್ನ ಹಗ್ಗದ ಸುರುಳಿಯನ್ನು ಗುರುಗಳ ಮುಂದೆ ಇಟ್ಟ. ಚಪ್ಪರದ ಯಾವ ಜೋಡಿಯ ಹಗ್ಗವೂ ಅದರ ಅರ್ಧಕ್ಕೆ ಬರಲಿಲ್ಲ.

ಗುರುಗಳು ಸುರುಳಿ ಬಿಚ್ಚಿ ಉದ್ದಕ್ಕೂ ಬೆರಳಾಡಿಸಿ ನೋಡಿದರು.

“ನೀನು ಹೇಳಿದ್ದೇ ನಿಜ. ಅಲ್ಲಿ ಕೆಲಸ ಹೆಚ್ಚು. ಹುರಿಯೂ ಗಟ್ಟಿಯಾಗಿದೆ.”

ಮರುಳಪ್ಪ ಬೀಗಿದ. ಊಟಕ್ಕೂ ನಿಲ್ಲದೆ ದೋಣಿ ಹತ್ತಿದ. ಊಟಕ್ಕೆ ಕೂತರೆ ಮತ್ತೆ ಮಾತು ಶುರುವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಅವನು ಕೆಲಸದ ನಡುವೆ ಬೆನ್ನು ನೋವೆಂದು ನಿಂತ. ಹಳೆಯ ಅಭ್ಯಾಸ, ಕೈ ತಾನಾಗಿಯೇ ಹಗ್ಗವನ್ನು ಮೆಲ್ಲಗೆ ಜಗ್ಗಿತು.

ಕಂಬ ಸುಮ್ಮನಿತ್ತು.

ಮರುಳಪ್ಪ ಕಂಬವನ್ನೇ ನೋಡುತ್ತ ನಿಂತ. ಛೆ, ಎಂಥಾ ಹುಚ್ಚು ಎಂದುಕೊಂಡು ಮತ್ತೆ ಹುರಿ ಹಾಕತೊಡಗಿದ.

ಇನ್ನೊಂದು ಸಂಜೆ ಗಾಳಿ ಈ ಕಡೆಗೆ ಬೀಸುತ್ತಿತ್ತು. ಹೊಳೆಯ ಮೇಲಿಂದ ಚಪ್ಪರದವರ ನಗು ತೇಲಿ ಬಂತು. ಎಲ್ಲರೂ ಒಟ್ಟಿಗೆ ನಕ್ಕಿದ್ದರು, ತುಂಬ ಹೊತ್ತು ನಕ್ಕಿದ್ದರು. ಯಾಕೆ ಎಂದು ಕೇಳಲು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ. ಅವನು ಗಾಳಿ ನಿಲ್ಲುವವರೆಗೂ ದಡದಲ್ಲೇ ಕೂತಿದ್ದ. ಆ ಚಪ್ಪರಕ್ಕೆ, ಆ ಕೆಮ್ಮಿಗೆ, ಗುರುಗಳ ಆ ಮುಗಿಯದ ರೊಟ್ಟಿ ಪುರಾಣಕ್ಕೆ ಅವನ ಜೀವ ಹಂಬಲಿಸಿತು.

ವಾಪಸ್ಸು ಹೋಗೋಣವೆಂದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಕೆಲಸ ಇಲ್ಲೇ ಹೆಚ್ಚು ಎಂದು ಎಲ್ಲರೆದುರು ತೋರಿಸಿ ಬಂದವನು ಅವನೇ.

ಮುಂದಿನ ಅಮಾವಾಸ್ಯೆಗೆ ಅವನು ತಂದ ಸುರುಳಿ ಇನ್ನೂ ದೊಡ್ಡದಿತ್ತು.

ಗುರುಗಳ ಬೆರಳು ಹಗ್ಗದ ಮೇಲೆ ಸರಿಯುತ್ತ ನಡುವೆ ಒಂದು ಕಡೆ ನಿಂತಿತು. ಹೆಬ್ಬೆರಳಿನಿಂದ ಒತ್ತಿದರು. ಹುರಿ ಸಡಿಲವಾಗಿ ಎಳೆಗಳು ಬಿಟ್ಟುಕೊಂಡವು.

“ಕೈ ನೋವಿತ್ತಾ?”

“ಇಲ್ಲ ಬುದ್ಧಿ.”

“ನಾರು ಕೆಟ್ಟದಿತ್ತಾ?”

“ಇಲ್ಲ.”

“ಇದನ್ನ ಹಿಡಿದು ಯಾರಾದರೂ ಬಾವಿಗೆ ಇಳಿದಿದ್ರೆ?”

ಮರುಳಪ್ಪ ಸುರುಳಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಬೇಕಂತಲೇ ಮಾಡಿದೆ ಬುದ್ಧಿ. ನಿಮ್ಮ ಕೈಗೆ ಸಿಕ್ಕೇ ಸಿಗುತ್ತೆ ಅಂತ ಗೊತ್ತಿತ್ತು. ಒಬ್ಬನೇ ಇದ್ದು ಕೆಲಸ ಕೆಡಿಸ್ತಿದ್ದೀಯ, ಇಲ್ಲಿಗೇ ಬಂದು ಬೀಳು ಅಂತ ಬೈತೀರಿ ಅಂದ್ಕೊಂಡೆ.”

“ಬರ್ತೀನಿ ಅಂತ ಬಾಯಿಬಿಟ್ಟು ಹೇಳೋದಲ್ವೇನೋ?”

“ಏನು ಕಾರಣ ಹೇಳ್ಲಿ? ಅವತ್ತು ಸಂಜೆ ನೀವೆಲ್ಲ ಯಾಕೆ ನಕ್ಕಿರಿ ಅಂತ ಗೊತ್ತಾಗದೆ ನನಗೆ ನಿದ್ದೆ ಬರಲಿಲ್ಲ, ಅಂತ ಹೇಳ್ಲಾ?”

ಗುರುಗಳು ಯೋಚಿಸಿದರು. “ಯಾಕೆ ನಕ್ಕಿದ್ವೋ, ನನಗೂ ನೆನಪಿಲ್ಲಪ್ಪ.”

ಮರುಳಪ್ಪ ಕಣ್ಣೊರೆಸಿಕೊಂಡ.

“ನೀವೇ ಹೇಳಿ ಬುದ್ಧಿ. ಎಲ್ಲಿ ಕೂತು ಹೊಸೆಯೋದು ಸರಿ? ಅಲ್ಲೋ, ಇಲ್ಲೋ?”

“ಹಗ್ಗದ ಲೆಕ್ಕ ಕೇಳಿದ್ರೆ, ಅಲ್ಲೇ.”

ಮರುಳಪ್ಪನಿಗೆ ಇದ್ದ ಒಂದು ಆಸೆಯೂ ಹೋಯಿತು. ಗುರುಗಳು ಸುಳ್ಳು ಹೇಳುವವರಲ್ಲ. ಅವನು ಅವರ ಕಾಲಿಗೆ ನಮಸ್ಕರಿಸಿ, ಸಡಿಲ ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆಯಲೆಂದು ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ಹೊರಟ.

“ಎಲ್ಲಿಗೆ ಹೊರಟೆ? ಬಾ ಇಲ್ಲಿ.”

ಗುರುಗಳು ಚಪ್ಪರದೊಳಗೆ ನಡೆದರು. ಅವನು ಹಿಂದೆ ಹೋದ. ಎಲ್ಲರನ್ನೂ ದಾಟಿ ಮೂಲೆಯಲ್ಲಿ ಅವನ ಹಳೆಯ ಜಾಗ. ಅಲ್ಲಿ ಯಾರೂ ಕೂತಿರಲಿಲ್ಲ. ಅರ್ಧ ಹೊಸೆದ ಹಗ್ಗವೊಂದು ನೆಲದ ಮೇಲಿತ್ತು. ಅದರ ಒಂದು ತುದಿಯನ್ನು ಚಪ್ಪರದ ಕಂಬಕ್ಕೆ ಕಟ್ಟಿತ್ತು.

“ಇದು ಯಾರ ಹಗ್ಗ ಬುದ್ಧಿ?”

ಗುರುಗಳು ಬಗ್ಗಿ ಕಂಬದ ಗಂಟು ಬಿಚ್ಚತೊಡಗಿದರು. ಗಂಟು ಬಿಗಿದುಹೋಗಿತ್ತು, ಮುದಿ ಬೆರಳುಗಳಿಗೆ ಬೇಗ ಬಗ್ಗಲಿಲ್ಲ. ಮರುಳಪ್ಪ ಕೈಹಾಕಲು ಹೋದರೆ ತಡೆದರು. ಕೊನೆಗೆ ಬಿಚ್ಚಿದ ತುದಿಯನ್ನು ಅವನ ಕೈಗೆ ಕೊಟ್ಟರು.

ಆಮೇಲೆ ಇನ್ನೊಂದು ತುದಿಗೆ ಹೋಗಿ, ಹಗ್ಗವನ್ನು ಕೈಗೆತ್ತಿಕೊಂಡು, ಮೆಲ್ಲಗೆ ಒಮ್ಮೆ ಜಗ್ಗಿದರು.

ಮರುಳಪ್ಪ ತಿರುಗಿ ಜಗ್ಗಿದ.

ಗುರುಗಳು ಕಣ್ಣು ಮುಚ್ಚಿಕೊಂಡರು.

“ನೀನು ಹೋದಾಗಿಂದ ಎಷ್ಟು ಸಲ ಜಗ್ಗಿದೆನೋ. ಈ ಹಾಳು ಕಂಬ ಒಂದು ಸಲನಾದರೂ ತಿರುಗಿ ಜಗ್ಗಲಿಲ್ಲ ಕಣಪ್ಪಾ.”