ತೋಪಿನ ಮೊದಲ ಗೆಲುವು

“ನನ್ನ ರಾಜ್ಯದಲ್ಲಿ ಅನ್ಯಾಯ ಎಂಬುದೇ ಇಲ್ಲ! ಈಚೆಗೆ ನ್ಯಾಯದ ಗಂಟೆಯ ಸದ್ದು ಯಾರಾದರೂ ಕೇಳಿದ್ದೀರಾ?” ಎಂದು ಗವಿದುರ್ಗದ ಮಹಾರಾಜ ಚಂಡವಿಕ್ರಮರು ತುಂಬಿದ ಸಭೆಯಲ್ಲಿ ಕೇಳಿದರು.

ಯಾರೂ ಕೇಳಿರಲಿಲ್ಲ. ಕೇಳಲು ಸಾಧ್ಯವೂ ಇರಲಿಲ್ಲ. ಆ ಗಂಟೆಯನ್ನು ಕರಗಿಸಿ ತೋಪು ಮಾಡಿಸಿದ್ದರು.

ಗಂಟೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಅರಮನೆಯ ಬಾಗಿಲಲ್ಲಿ ತೂಗುತ್ತಿತ್ತು. ನೊಂದವರು ಬಾರಿಸಿದರೆ ರಾಜ ಊಟಕ್ಕೆ ಕೂತಿದ್ದರೂ ಎಂಜಲು ಕೈಯಲ್ಲೇ ಎದ್ದು ಬಂದು ದೂರು ಕೇಳಬೇಕು. ಇದು ಆ ವಂಶದ ಕಟ್ಟಳೆ. ಹಸಿದ ರಾಜ ತೀರ್ಪನ್ನು ಎಳೆಯುವುದಿಲ್ಲ ಎಂದು ಹಿರಿಯರು ಯೋಚಿಸಿರಬೇಕು. ನಮ್ಮ ಮಹಾರಾಜರು ಪಟ್ಟಕ್ಕೆ ಬಂದಾಗಿನಿಂದ ಹಾಗೆ ಎದ್ದು ಎದ್ದು ಸೊರಗಿದ್ದರು. ಆಮೇಲೆ ಸೇನಾಪತಿ ಬೊಪ್ಪದೇವರು ತೋಪಿಗೆ ಕಂಚು ಸಾಲದು ಎಂದರು. ಗಂಟೆ ಒಲೆಗೆ ಹೋಯಿತು. ಮಹಾರಾಜರು ನೆಮ್ಮದಿಯಾಗಿ ಉಂಡು ದಪ್ಪಗಾದರು.

ಸಭೆಯೆಲ್ಲ “ಹೌದು ಪ್ರಭು!” ಎಂದಿತು. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಬಾಯಲ್ಲಿದ್ದ ಅಡಿಕೆ ಚೂರು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು.

“ಅಪ್ರಮೇಯ ಒಪ್ಪುವ ಹಾಗೆ ಕಾಣುವುದಿಲ್ಲ,” ಎಂದು ಮಹಾರಾಜರು ನನ್ನ ಕಡೆ ನೋಡಿ ಹುಬ್ಬೇರಿಸಿದರು.

ನಾನು ಜಾಣ ಎಂದು ಆಸ್ಥಾನದಲ್ಲಿ ಹೆಸರಿದೆ. ನನ್ನ ಹೆಂಡತಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ನಾನು ಬಾಯಿ ತೆರೆದೆ. ಮತ್ತೆ ಕೆಮ್ಮೇ ಬಂತು.

“ಸರಿ! ಅನ್ಯಾಯ ಇದೆ ಅನ್ನುತ್ತೀಯ. ಹಾಗಾದರೆ ನಾಳೆ ನನ್ನನ್ನು ಊಟದ ಎಲೆಯಿಂದ ಎಬ್ಬಿಸು ನೋಡೋಣ. ಎಬ್ಬಿಸಿದರೆ ನೀನು ತಂದ ದೂರನ್ನು ಅಲ್ಲೇ ಕೇಳುತ್ತೇನೆ. ಆಗದಿದ್ದರೆ ನೀನು ಸೆರೆಮನೆಗೆ.”

ಎಬ್ಬಿಸುವಂಥ ದೂರು ನನಗೆ ಗೊತ್ತಿತ್ತು. ಅಳಲುಕಟ್ಟೆಯಲ್ಲಿ ಕೂರುತ್ತಿದ್ದವರಲ್ಲಿ ನಾನೂ ಒಬ್ಬ. ಗಂಟೆ ಹೋದ ಮೇಲೆ ಜನರ ಅಳಲು ಕೇಳಲೆಂದೇ ಮಹಾರಾಜರು ಆ ಕಟ್ಟೆ ಹಾಕಿಸಿದ್ದರು. ಅಳಲು ಕೇಳಿ ನಿಟ್ಟುಸಿರು ಬಿಡುವ ಅಧಿಕಾರ ನಮಗಿತ್ತು, ಅಷ್ಟೇ. ಮೊದಲು ಹಿರಿಯರು ಬಿಡಬೇಕು, ಆಮೇಲೆ ನಾವು.

ಕುಂಬಾರರ ಸಂಕವ್ವ ಅಲ್ಲಿಗೆ ದಿನವೂ ಬರುತ್ತಿದ್ದಳು. ತೋಪಿನ ಮೆರವಣಿಗೆಯ ದಿನ ಅವಳ ಗಂಡ ಮಾಳಪ್ಪನ ಕತ್ತೆ ದಾರಿಗೆ ಅಡ್ಡ ನಿಂತು ಅರಚಿತ್ತು. ತೋಪಿಗೆ ಅವಮಾನವಾಯಿತೆಂದು ಸೈನಿಕರು ಮಾಳಪ್ಪನನ್ನು ಹಿಡಿದು ಸೆರೆಗೆ ಹಾಕಿದ್ದರು. ವಿಚಾರಣೆ ನಡೆದಿರಲಿಲ್ಲ. ನಡೆಯಲು ಜಾಗವೂ ಇರಲಿಲ್ಲ, ನ್ಯಾಯಚಾವಡಿಯ ತುಂಬ ತೋಪಿನ ಮದ್ದು ತುಂಬಿಸಿದ್ದರು. ಯುದ್ಧವಾಗಿ ಮದ್ದು ಖಾಲಿಯಾದ ಮೇಲೆ ಬಾ ಎಂದು ನಾವೇ ಅವಳಿಗೆ ಹೇಳಿದ್ದೆವು.

“ಯುದ್ಧ ಯಾವಾಗ ಬುದ್ಧೀ?” ಎಂದು ಅವಳು ಕೇಳಿದ್ದಳು. “ಸ್ವಲ್ಪ ಬೇಗ ಮಾಡಿಸಿ. ಮಣ್ಣು ತುಳಿಯೋಕೂ ಮನೇಲಿ ಗಂಡಾಳಿಲ್ಲ.”

ನಾವು ನಿಟ್ಟುಸಿರು ಬಿಟ್ಟೆವು.

ಸಭೆ ಮುಗಿಸಿ ಹೊರಗೆ ಬಂದೆ. ದೂರೇನೋ ಇತ್ತು, ಎಬ್ಬಿಸುವ ಉಪಾಯ ಹೊಳೆದಿರಲಿಲ್ಲ. ಬಿಸಿಲಿಗೂ ಭಯಕ್ಕೂ ತಲೆ ಸುತ್ತಿ, ಅರಮನೆಯ ಬಾಗಿಲಲ್ಲಿ ನಿಲ್ಲಿಸಿದ್ದ ತೋಪನ್ನು ಹಿಡಿದುಕೊಂಡೆ. ನನ್ನ ಕೈಯ ಕಡಗ ಅದಕ್ಕೆ ತಗುಲಿತು.

ಢಣ್!

ಆ ಸದ್ದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ನಾನು ಸೀದಾ ಕುಂಬಾರಗೇರಿಗೆ ಓಡಿದೆ.

“ಸಂಕವ್ವ, ಒನಕೆ ಇದೆಯಾ?”

“ಇದೆ ಬುದ್ಧೀ. ಕುಟ್ಟೋಕೆ ಭತ್ತ ಇಲ್ಲ.”

“ಭತ್ತ ಬೇಡ. ನಾಳೆ ಮಧ್ಯಾಹ್ನ ತೋಪಿನ ಹತ್ತಿರ ಬಾ.”

“ನನ್ನನ್ನೂ ಹಿಡಿದರೆ?”

“ಹಿಡಿದರೆ ನಾನೂ ಜೊತೆಗೆ ಬರುತ್ತೇನೆ,” ಎಂದೆ. ಧೈರ್ಯದ ಮಾತಲ್ಲ ಅದು. ನಾನು ಹೇಗೂ ಹೋಗುವವನೇ ಇದ್ದೆ.

ಮರುದಿನ ಮಹಾರಾಜರು ಎಲೆಯ ಮುಂದೆ ಕೂತರು. ನಾನು ಎದುರಿಗೆ ನಿಂತೆ. ಪಕ್ಕದಲ್ಲಿ ಸೇನಾಪತಿಗಳು.

“ಎಲ್ಲಯ್ಯಾ ನಿನ್ನ ದೂರು?” ಎಂದು ನಗುತ್ತಾ ಮಹಾರಾಜರು ಅನ್ನಕ್ಕೆ ಸಾರು ಕಲಸಿದರು.

ಹೊರಗೆ ಒನಕೆಯ ತುದಿಯ ಕಬ್ಬಿಣದ ಬಳೆ ಕಂಚಿಗೆ ಬಿತ್ತು. ಢಣ್! ಢಣ್! ಢಣ್!

ಮಹಾರಾಜರು ಎದ್ದೇಬಿಟ್ಟರು! ತುತ್ತು ಎಲೆಗೆ ಬಿತ್ತು. ಎಂಜಲು ಕೈ ಎತ್ತಿ ಹಿಡಿದುಕೊಂಡು, ಹಳೆಯ ಅಭ್ಯಾಸದಂತೆ ದಡದಡ ಬಾಗಿಲಿಗೆ ಬಂದರು. ನಾವೆಲ್ಲ ಹಿಂದೆ ಓಡಿದೆವು. ಅಲ್ಲಿ ಬೆವರುತ್ತಾ ಒನಕೆ ಹಿಡಿದ ಸಂಕವ್ವನನ್ನು ಕಂಡ ಮೇಲೆಯೇ ಅವರಿಗೆ ಎಚ್ಚರವಾದದ್ದು.

“ಇದು ಗಂಟೆಯಲ್ಲ, ತೋಪು!” ಎಂದು ಗುಡುಗಿದರು.

“ಹೌದು ಪ್ರಭು. ಆದರೆ ಒಳಗಿರುವುದು ಯಾವ ಕಂಚು ಎಂದು ತಮ್ಮ ಕಾಲಿಗೆ ನೆನಪಿದೆ,” ಎಂದೆ.

ಸೇನಾಪತಿಗಳು ಕಿರುಚಿದರು: “ರಾಜ್ಯ ಕಾಯುವ ತೋಪಿಗೆ ಒನಕೆ ಏಟು! ಹಿಡಿಯಿರಿ ಇವಳನ್ನು!”

“ಸೇನಾಪತಿಗಳೇ, ಈ ತೋಪು ಇದುವರೆಗೆ ಯಾರನ್ನು ಹೆದರಿಸಿದೆ?” ಎಂದು ನಾನು ಕೇಳಿದೆ.

ಅವರು ಮೀಸೆ ತಡವಿಕೊಂಡರು. “ಮೆರವಣಿಗೆಯ ದಿನ... ಒಂದು ಕತ್ತೆಯನ್ನು...”

“ಅದೂ ಹೆದರಲಿಲ್ಲ ಬುದ್ಧೀ!” ಎಂದಳು ಸಂಕವ್ವ. “ಅಲ್ಲೇ ನಿಂತು ಅರಚಿತು. ಅದಕ್ಕೇ ತಾನೇ ನನ್ನ ಗಂಡನ್ನ ಒಳಗೆ ಹಾಕಿದ್ದು?”

“ಹಾಗಾದರೆ ಇದೇ ಮೊದಲ ಗೆಲುವು, ಪ್ರಭು,” ಎಂದೆ. “ಒಂದು ಕತ್ತೆಯನ್ನೂ ಕದಲಿಸಲಾಗದ ತೋಪು ಇವತ್ತು ಮಹಾರಾಜರನ್ನೇ ಎಬ್ಬಿಸಿತು!”

ಮಹಾರಾಜರ ಕೈಯಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವರು ತಮ್ಮ ಕೈ ನೋಡಿಕೊಂಡರು, ತೋಪನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

ಎಂಜಲು ಕೈ ಒಣಗುವ ಮೊದಲೇ ಮಾಳಪ್ಪ ಹೊರಗೆ ಬಂದ. ನ್ಯಾಯಚಾವಡಿಯಿಂದ ಮದ್ದು ಖಾಲಿ ಮಾಡಲು ಅಪ್ಪಣೆಯಾಯಿತು. ನಿಟ್ಟುಸಿರು ಬಿಡುವವರು ಅವರವರ ಮನೆಯಲ್ಲೇ ಬಿಡಲಿ ಎಂದು ಅಳಲುಕಟ್ಟೆಯನ್ನೂ ಮುಚ್ಚಿಸಿದರು. ನೊಂದವರು ಬಾರಿಸಲೆಂದು ಸಂಕವ್ವನ ಒನಕೆಯನ್ನು ತೋಪಿಗೆ ಕಟ್ಟಿಸಿ, ಅವಳಿಗೆ ಹೊಸ ಒನಕೆಯ ಜೊತೆ ಕುಟ್ಟಲು ಭತ್ತವನ್ನೂ ಕೊಡಿಸಿದರು.

“ಅಪ್ರಮೇಯ, ನಿನಗೂ ಬಹುಮಾನ ಇದೆ,” ಎಂದರು. “ಇನ್ನು ಮೇಲೆ ದಿನವೂ ನನ್ನ ಪಂಕ್ತಿಯಲ್ಲೇ ಊಟ ಮಾಡು. ತೋಪು ಸದ್ದು ಮಾಡಿದಾಗ ನನ್ನ ಜೊತೆ ನೀನೂ ಏಳು.”

ಅರಮನೆಯ ಪಾಯಸ ಬಹಳ ರುಚಿ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನನ್ನ ಊಟ ಇನ್ನೂ ಪಾಯಸದವರೆಗೆ ಹೋಗಿಲ್ಲ. ಸಾರು ಕಲಸುವಷ್ಟರಲ್ಲಿ ಢಣ್ ಎನ್ನುತ್ತದೆ.