ಮುಳ್ಳಕ್ಕನ ಎಂಜಿನ್ ಸೀನಿದ್ದು

ಹೊಳೆ ನಡುವೆ ಹರಿಯುವ ಒಂದು ಕಾಡಿನಲ್ಲಿ ಮುಳ್ಳಕ್ಕ ಎಂಬ ಮುಳ್ಳುಹಂದಿ ಇದ್ದಳು. ಪ್ರಾಣಿಗಳನ್ನು ಹೊಳೆ ದಾಟಿಸಲೆಂದು ಅವಳು ಹಳೆಯ ಎಂಜಿನ್ ಒಂದನ್ನು ದೋಣಿಯ ಹಿಂಬದಿಗೆ ಬಿಗಿದಾಗ, "ಇದು ಇವಳ ಕೈಲಿ ಆಗೋ ಕೆಲಸವಲ್ಲ" ಎಂದು ಮೊದಲು ಹೇಳಿದವನು ಮುಸುವಣ್ಣ ಎಂಬ ಕೋತಿ. ಕಾಡಿಗೆಲ್ಲ ಅವನೊಬ್ಬನೇ ಮೆಕ್ಯಾನಿಕ್. ಹೊಳೆ ದಾಟಿಸುವ ದೋಣಿಯೂ ಇತ್ತು ಅವನಿಗೆ. ಆಮೇಲೆ ಮೊಲ ಹೇಳಿತು, ಉಡ ಹೇಳಿತು. ಅವಳ ಸ್ವಂತ ಅತ್ತೆಯೂ ಹೇಳಿದಳು.

ಎಂಜಿನ್ ಕೆಟ್ಟಾಗಲೆಲ್ಲ ಮುಸುವಣ್ಣ ಅದನ್ನು ದಡದಲ್ಲೇ ನೀರಿನ ಡ್ರಮ್ಮಿಗೆ ಇಳಿಸಿ, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಕೊಡುತ್ತಿದ್ದ. ಗಾಳಿಗೆ ಎಷ್ಟು ಪೆಟ್ರೋಲು ಬೆರೆಯಬೇಕೆಂಬುದು ಆ ಸ್ಕ್ರೂವಿನ ಕೈಯಲ್ಲಿತ್ತು. ಡ್ರಮ್ಮಿನಲ್ಲಿ ಎಂಜಿನ್ ಜೇನುಹುಳದ ಹಾಗೆ ಗುಂಯ್‌ಗುಡುತ್ತಿತ್ತು. ದೋಣಿ ತುಂಬಿಸಿಕೊಂಡು ನಡುಹೊಳೆಗೆ ಹೋದರೆ 'ಆಕ್ಷೀ' ಎಂದು ಸೀನಿ ನಿಂತುಬಿಡುತ್ತಿತ್ತು. ಆಗ ಮುಸುವಣ್ಣ ಬಂದು ಎಲ್ಲರನ್ನೂ ತನ್ನ ದೋಣಿಗೆ ಹತ್ತಿಸಿಕೊಳ್ಳುತ್ತಿದ್ದ.

"ಎಂಜಿನ್ನಿಗೆ ಏನೂ ಆಗಿಲ್ಲ ತಂಗಿ. ನಿನ್ನ ಕೈಗುಣ!"

ಮುಳ್ಳಕ್ಕ ಯೋಚಿಸಿದಳು. ದಡದಲ್ಲಿ ಓಡುವ ಎಂಜಿನ್ ಭಾರ ಬಿದ್ದೊಡನೆ ಯಾಕೆ ಸಾಯಬೇಕು? ದೋಣಿಗೆ ಕಲ್ಲು ತುಂಬಿ, ಹೊಳೆಯಂಚಿನ ಮರದ ಬೇರಿಗೆ ಕಟ್ಟಿ, ಎಂಜಿನ್ ಜೋರಾಗಿ ಓಡಿಸಿ ತಾನೇ ಸ್ಕ್ರೂ ಹಿಡಿದಳು. ಬಿಗಿದರೆ ಪೆಟ್ರೋಲು ಸಾಲದೆ ಸೀನಿತು. ಸಡಿಲಿಸಿದರೆ ಕಂಠಮಟ್ಟ ಉಂಡವನ ಹಾಗೆ ಗೊರಗೊರ ಎಂದು ಹೊಗೆ ಕಾರಿತು. ನಡುವೆ ಒಂದು ಕಡೆ ದನಿ ತಿಳಿಯಾಯಿತು.

"ಎಲಾ! ದುಡಿಯುವ ಎಂಜಿನ್ನಿಗೆ ಮುಸುವಣ್ಣ ಅರೆಹೊಟ್ಟೆಗೆ ಹಾಕುತ್ತಿದ್ದ!"

ಅಷ್ಟರಲ್ಲಿ ಕಾಡಿನ ಹಿರಿಯಳಾದ ಆನೆಜ್ಜಿ ಡಂಗುರ ಸಾರಿಸಿದಳು. "ಹೊಳೆ ದಾಟುವ ಈ ಕಡವಿಗೆ ಒಬ್ಬರೇ ದೋಣಿಯವರು ಸಾಕು. ತುಂಬಿದ ದೋಣಿಯಲ್ಲಿ ಯಾರು ಮೊದಲು ಆಚೆ ದಡ ಮುಟ್ಟುತ್ತಾರೋ ಕಡವು ಅವರದು. ಸೋತವರು ದೋಣಿ ಒಪ್ಪಿಸಬೇಕು."

ಪಂದ್ಯದ ಬೆಳಿಗ್ಗೆ ಮುಸುವಣ್ಣ ಯಾರಿಗೂ ಕಾಣದಂತೆ ಮುಳ್ಳಕ್ಕನ ಸ್ಕ್ರೂ ಬಿಗಿದಿಟ್ಟ. ನಡುಹೊಳೆಯಲ್ಲಿ ಅವಳ ಎಂಜಿನ್ ಸೀನಿತು.

"ನೆಗಡಿಯೇನೇ ತಂಗಿ? ಕಷಾಯ ಕುಡಿಸು!" ಎಂದು ಹಲ್ಲು ಕಿರಿಯುತ್ತ ಅವನು ಮುಂದೆ ಹೋದ.

ಮುಳ್ಳಕ್ಕ ಎಂಜಿನ್ನಿನತ್ತ ಬಗ್ಗಿದಳು. ಕಿವಿಗೊಟ್ಟು ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿದಳು, ಇನ್ನೊಂದಿಷ್ಟು ಸಡಿಲಿಸಿದಳು. ಎಂಜಿನ್ ತಿಳಿದನಿಯಲ್ಲಿ ಹಾಡಿತು. ದೋಣಿ ಮೂತಿ ಎತ್ತಿ ನುಗ್ಗಿತು.

ಅದನ್ನು ಕಂಡು ಮುಸುವಣ್ಣ ಬೆವತ. ಹೆಚ್ಚು ಕುಡಿದರೆ ಹೆಚ್ಚು ಓಡೀತೆಂದು ತನ್ನ ಸ್ಕ್ರೂವನ್ನು ಸರಸರ ಬಿಚ್ಚಿದ. ಪೆಟ್ರೋಲು ಉಕ್ಕಿತು, ಕರಿಹೊಗೆ ಎದ್ದಿತು, ಎಂಜಿನ್ ಸತ್ತಿತು. ದೋಣಿ ಸೆಳವಿಗೆ ಸಿಕ್ಕಿ ಸುತ್ತತೊಡಗಿತು.

"ಅಕ್ಕಾ, ಹಗ್ಗ! ಹಗ್ಗ ಎಸಿಯೇ!"

"ಈಗ ಅಕ್ಕನಾದೆನೇನೋ?" ಎಂದಳು ಮುಳ್ಳಕ್ಕ. ಹಗ್ಗ ಎಸೆದಳು. ಅವನ ದೋಣಿಯನ್ನೂ ಎಳೆದುಕೊಂಡೇ ದಡ ಮುಟ್ಟಿದಳು. ಕಾಡಿಗೆ ಕಾಡೇ ಕೇಕೆ ಹಾಕಿತು. ಅತ್ತೆಯ ಕೇಕೆಯೇ ಎಲ್ಲರಿಗಿಂತ ಜೋರು.

ಇವತ್ತು ಆ ಕಡವು ಮುಳ್ಳಕ್ಕನದು, ಎರಡು ದೋಣಿಯೂ ಅವಳವೇ. ಆ ಹಳೆಯ ಎಂಜಿನ್ನಿಗೆ ಬದಲಾಗಿ ಅಮ್ಮ ತೋಡಿಕೊಟ್ಟಿದ್ದ ಬಿಲವನ್ನು ಅವಳು ಬಿಟ್ಟುಕೊಟ್ಟಿದ್ದಳು. ಬಲಮಗ್ಗುಲ ಮುಳ್ಳುಗಳು ಎಂಜಿನ್ನಿನ ಕಾವಿಗೆ ಸುಟ್ಟುಹೋದವು, ಮತ್ತೆ ಹುಟ್ಟಲಿಲ್ಲ. ಆ ಮಗ್ಗುಲನ್ನೇ ಎಲ್ಲರಿಗೂ ಕಾಣುವಂತೆ ದಡದ ಕಡೆ ಮಾಡಿ ಅವಳು ಕೂರುತ್ತಾಳೆ.

ನೀತಿ: ಭಾರ ಹೊತ್ತು ಕಲಿತ ವಿದ್ಯೆ ದಡ ಸೇರಿಸುತ್ತದೆ, ಇನ್ನೊಬ್ಬರನ್ನು ಕೆಡಿಸಲು ಕಲಿತದ್ದು ನಡುಹೊಳೆಯಲ್ಲಿ ಕೈಕೊಡುತ್ತದೆ.