ಕೊಂಬು ಎಣಿಸುವ ನರಿ

ಮೂರು ದಿನ ಉಪವಾಸವಿದ್ದ ತಾಯಿಹುಲಿ ಕಡೆಗೂ ಒಂದು ಗಂಡು ಕಡವೆಯನ್ನು ಕೆಡವಿ ಮರಿಗಳನ್ನು ಕರೆಯಿತು. ಬೇಟೆ ಬಂಗಲೆಯ ಹಿತ್ತಿಲಲ್ಲಿ ಎಂಜಲು ತಿಂದು ಬೆಳೆದ ನರಿಯೊಂದು ಅಲ್ಲಿಗೆ ಬಂತು.

"ಹುಲಿಯಕ್ಕಾ, ಕೊಂಬಿನಲ್ಲಿ ಕವಲೆಷ್ಟು?"

"ಎಣಿಸಲಿಲ್ಲ. ಹಸಿವಾಗಿತ್ತು."

"ಛೆ! ನಮ್ಮ ಧಣಿಗಳು ಟೇಪು ಹಿಡಿದು ಅಳೆದು, ತಲೆಯನ್ನು ಗೋಡೆಗೆ ಹಾಕಿಸುತ್ತಾರೆ. ಬೇಟೆಯೆಂದರೆ ಅದು!"

"ಮತ್ತೆ ಮಾಂಸ?"

"ಅದು ನಾತವಂತೆ. ಕಾಡಿನಲ್ಲೇ ಕೊಳೆಯಲು ಬಿಡುತ್ತಾರೆ."

ಮರಿಗಳು ಹೊಟ್ಟೆ ತುಂಬಾ ತಿಂದು ಮೂಳೆಯನ್ನೂ ನೆಕ್ಕಿ ಮುಗಿಸಿದ ಮೇಲೆ, ಹುಲಿ ಉಳಿದ ಕೊಂಬಿನ ಬುರುಡೆಯನ್ನು ಕಾಲಿನಿಂದ ನರಿಯತ್ತ ತಳ್ಳಿತು.

"ತಗೋ. ನನ್ನ ಮಕ್ಕಳು ತಿನ್ನದೆ ಬಿಟ್ಟ ಎಂಜಲನ್ನು ನಿನ್ನ ಧಣಿ ಗೋಡೆಗೆ ಹಾಕಿಕೊಳ್ಳಲಿ."

ಹೊಟ್ಟೆಗೆ ಒಂದು ಚೂರೂ ಬೀಳದ ನರಿ, ಕವಲುಗಳನ್ನು ಎಣಿಸುತ್ತಾ ಹೆಮ್ಮೆಯಿಂದ ಅದನ್ನು ಎಳೆದುಕೊಂಡು ಹೊರಟಿತು.